ಪಡಸಾಲೆಯ ಖಾಲಿ ಹಲಗೆಗಳು

ನನ್ನ ಗಂಡ ಪಾರ್ಶ್ವನಾಥ ಮುಂಬೈಯ ಒಂದು ದೊಡ್ಡ ಅಂಗಡಿಯಲ್ಲಿ ಆರು ವರ್ಷ ಕೆಲಸ ಮಾಡಿದ್ದರು. ಗಾಜಿನ ದೀಪ, ರತ್ನಗಂಬಳಿ, ಬೆಳ್ಳಿಯ ತಾಟುಗಳನ್ನು ಸಂಸ್ಥಾನಿಕರಿಗೆ, ಗಿರಣಿ ಮಾಲೀಕರಿಗೆ ಮಾರುವ ಅಂಗಡಿ ಅದು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅವರು ಆ ಕೆಲಸ ಬಿಟ್ಟು ಮೂಡಲಗಿಗೆ ಮರಳಿದರು. ಕೈಯಲ್ಲಿ ಒಂದು ಟ್ರಂಕು, ತಲೆಯಲ್ಲಿ ಇಡೀ ಅಂಗಡಿ.

ನನ್ನ ನಾದಿನಿ ತಾರಾಬಾಯಿಯನ್ನು ನೋಡಲು ಹುಕ್ಕೇರಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಅದಕ್ಕೆ ಮೊದಲು ಬಂದವರು ಚಹಾ ಕುಡಿದು ಹೋದವರು, ತಿರುಗಿ ಒಂದು ಮಾತೂ ಹೇಳಿ ಕಳಿಸಿರಲಿಲ್ಲ. ಅಂದಿನಿಂದ ತಾರಾ ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದಳು. ಈ ಸಲವೂ ಹಾಗೇ ಆದರೆ ಎಂದು ನನಗೆ ನಿದ್ದೆ ಹತ್ತುತ್ತಿರಲಿಲ್ಲ.

"ಪಡಸಾಲಿ ನನಗ ಬಿಡು," ಎಂದರು ನನ್ನ ಗಂಡ. "ಒಂದ್ ಕಡೆ ಇಷ್ಟೆಲ್ಲಾ ತುಂಬಿದ್ರ ಬಂದವರ ಕಣ್ಣು ಹುಡುಗಿ ಮ್ಯಾಲ ಎಲ್ಲಿಂದ ನಿಲ್ಲಬೇಕು? ನಮ್ಮ ಅಂಗಡ್ಯಾಗ ಒಂದು ಮೇಜಿನ ಮ್ಯಾಲ ಒಂದ ವಸ್ತು ಇಡ್ತಿದ್ವಿ. ಸುತ್ತ ಖಾಲಿ. ಬೆಳಕು ಬಾಜೂದಿಂದ."

ನಮ್ಮ ಪಡಸಾಲೆಯ ಮೂರು ಗೋಡೆಗಳಿಗೂ ಉದ್ದನೆಯ ಮರದ ಹಲಗೆಗಳಿದ್ದವು. ಅವುಗಳ ಮೇಲೆ ಹಂಡೆ, ಕೊಡ, ಡಬರಿ, ತಂಬಿಗೆಗಳು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಕೂತಿರುತ್ತಿದ್ದವು. ಅತ್ತೆ ಜಿನ್ನವ್ವ ಅವನ್ನು ಅಮಾವಾಸ್ಯೆಗೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿಸುತ್ತಿದ್ದರು. ಹುಕ್ಕೇರಿಯವರು ಬರುವ ದಿನ ಬೆಳಗ್ಗೆ ಅವೆಲ್ಲ ಅಡುಗೆಮನೆಗೆ ಹೋದವು. ಉಳಿದದ್ದು ಕಿಟಕಿಯ ಪಕ್ಕ ಒಂದು ತಾಮ್ರದ ಕೊಡ, ನೆಲಕ್ಕೆ ಒಂದು ನೀಲಿ ಜಮಖಾನೆ.

ಚಂದ ಕಾಣುತ್ತಿತ್ತು, ಸುಳ್ಳು ಹೇಳಬಾರದು. ಕೊಡದ ಹೊಟ್ಟೆಯ ಮೇಲೆ ಬಿಸಿಲು ಕೂತಾಗ ನಾನೇ ಒಂದು ಗಳಿಗೆ ನಿಂತು ನೋಡಿದೆ. ಆದರೂ ಹಲಗೆಗಳ ಮೇಲೆ ಪಾತ್ರೆ ಇದ್ದ ಕಡೆ ದುಂಡಗೆ ಕಲೆ ಉಳಿದಿತ್ತು. ಅದು ನನಗೆ ಸರಿ ಬರಲಿಲ್ಲ.

"ಬಂದವರು ಏನರ ತಿಳ್ಕೊಂಡ್ರ?" ಎಂದೆ.

"ನಿನಗ ಬಿಸಿಲು ಬಿದ್ರೂ ಚಿಂತಿ, ನೆರಳು ಬಿದ್ರೂ ಚಿಂತಿ," ಎಂದು ನಕ್ಕರು.

ಸಂಜೆ ಐದರ ಸುಮಾರಿಗೆ ಅವರು ಬಂದರು. ಗಂಡಿನ ತಾಯಿ ಸೀತಾಬಾಯಿ, ಜೊತೆಗೆ ಗಂಡಿನ ಕಾಕಾ. ಸೀತಾಬಾಯಿ ಜಮಖಾನೆಯ ಮೇಲೆ ಕೂತರು, ತಲೆ ಎತ್ತಿದರು. ಅವರ ಕಣ್ಣು ಕೊಡದ ಮೇಲೆ ನಿಲ್ಲಲೇ ಇಲ್ಲ. ಒಂದು ಹಲಗೆಯಿಂದ ಇನ್ನೊಂದಕ್ಕೆ, ಒಂದು ಕಲೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದುದನ್ನು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

"ಹಿರಿ ಮಗಾ ಕಾಣವಲ್ರಲ್ಲ?" ಎಂದರು ಕಾಕಾ.

"ಪಾಯಪ್ಪ ಕೊಣ್ಣೂರಿಗೆ ಹೋಗ್ಯಾನ್ರಿ. ಅಲ್ಲಿ ನಮ್ಮ ಕಬ್ಬಿನ ಗಾಣ ನಡದೈತಿ," ಎಂದರು ಅತ್ತೆ.

ಸೀತಾಬಾಯಿ ಮೆಲ್ಲಗೆ ಕೇಳಿದರು: "ಹಿಸೆ ಯಾವಾಗ ಆತ್ರಿ, ಜಿನ್ನವ್ವಾರ?"

ಹಿಸೆ ಅಂದರೆ ಆಸ್ತಿ ಪಾಲು. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾದಾಗ ಹೊಲಕ್ಕಿಂತ ಮೊದಲು ಪಾತ್ರೆಗಳೇ ಹಲಗೆಯಿಂದ ಇಳಿಯುತ್ತವೆ. ಹಿಸೆಯಾದ ಮನೆಯ ಹುಡುಗಿಯನ್ನು ತರಲು ಜನ ಹಿಂದೆಮುಂದೆ ನೋಡುತ್ತಾರೆ. ಮದುವೆ ಯಾರು ಮಾಡಬೇಕು? ಪಂಚಮಿಗೆ ತವರಿಗೆ ಕರೆಯಲು ಯಾವ ಅಣ್ಣ ಬರಬೇಕು?

"ಹಿಸೆ ಏನೂ ಆಗಿಲ್ರಿ!" ಎಂದರು ಅತ್ತೆ.

"ಆಗಲಿ ಬಿಡ್ರಿ. ಆದವರು ಯಾರು ಆಗೇತಿ ಅಂತಾರ?" ಎಂದರು ಸೀತಾಬಾಯಿ.

ನನ್ನ ಗಂಡ ಮುಂದೆ ಬಂದರು. "ಹಂಗಲ್ರಿ. ಮುಂಬೈದಾಗ ದೊಡ್ಡ ಮನಿಗೋಳು ಹಿಂಗ ಇರ್ತಾವು, ಅದಕ್ಕ ನಾನ ತಗಿಸೀನಿ."

"ಮುಂಬೈದಾಗ ಎಲ್ಲಾರೂ ಹಿಸೆ ಆದಾವ್ರ ಅಲ್ಲೇನೋ, ತಮ್ಮಾ," ಎಂದರು ಕಾಕಾ. ಹೊರಡಲು ಟೊಪ್ಪಿಗೆ ಕೈ ಹಾಕಿದರು.

ಒಳಬಾಗಿಲಲ್ಲಿ ತಾರಾ ಚಹಾದ ತಾಟು ಹಿಡಿದು ನಿಂತಿದ್ದಳು.

ಹಿರಿಯರ ನಡುವೆ ನಾನು ಬಾಯಿ ಹಾಕಿದವಳಲ್ಲ. ಹೇಳುವ ಮಾತನ್ನು ಮೂರು ಸಲ ಒಳಗೇ ತಿರುವಿ, ಕೊನೆಗೆ ಹೇಳದೇ ಬಿಡುವವಳು. ಆಗ ಮಾತ್ರ ತಡೆಯಲಾಗಲಿಲ್ಲ. ಮನೆ ಒಂದೋ ಎರಡೋ ಎಂಬುದನ್ನು ಪಡಸಾಲೆಯಲ್ಲಿ ಕೂತು ವಾದಿಸಿದರೆ ಪ್ರಯೋಜನವಿಲ್ಲ, ಒಲೆ ತೋರಿಸಬೇಕು ಅನಿಸಿತು.

"ಅವ್ವಾರ, ಒಳಗ ಬರ್ರಿ," ಎಂದು ಸೀತಾಬಾಯಿಯವರ ಕೈ ಹಿಡಿದೆ. "ಅಡಗಿ ಮನ್ಯಾಗ ಕುಂತು ಮಾತಾಡೂಣಂತ."

ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಂಡೆಯ ಮೇಲೆ ಕೊಡ, ಕೊಡದ ಮೇಲೆ ಡಬರಿ. ಇದ್ದ ಒಂದೇ ಒಲೆಯ ಮುಂದೆ ಪಾಯಪ್ಪ ಭಾವನ ಹೆಂಡತಿ ಚಂಪವ್ವ ನಮಗೆ ಬೆನ್ನು ಮಾಡಿ ಕೂತಿದ್ದರು. ಹೆಜ್ಜೆಯ ಸದ್ದು ಕೇಳಿ ಅತ್ತೆಯೇ ಬಂದರೆಂದು ತಿಳಿದರು.

"ಅತ್ತೀ, ನಿಮ್ಮ ಸಣ್ಣ ಮಗಾ ಪಡಸಾಲಿ ಚಂದ ಮಾಡಾಕ ಹೋಗಿ ನನ್ನ ಅಡಗಿ ಮನಿ ಸಂತಿ ಮಾಡಿಟ್ಟಾನು! ಹೋಳಿಗಿ ಹಾಕಾಕ ಪರಾತ ಸಿಗವಲ್ದು!"

ನಮ್ಮ ಹಿಂದೆಯೇ ಬಂದಿದ್ದ ಅತ್ತೆ, ಬೀಗರಿದ್ದಾರೆಂಬುದನ್ನೂ ಮರೆತು ಸಿಡಿದರು. "ನನಗೇನ ಅಂತಿ? ನಿನ್ನ ಗಂಡಾನ ಹೂಂ ಅಂದು ಹೋದಾವಾ!"

"ನನ್ನ ಗಂಡಾ ತಮ್ಮಗ ಯಾವತ್ತರ ಉಹೂಂ ಅಂದಾರೇನ್ರಿ? ನಾಳೆ ಆ ತಮ್ಮಾ ಒಲಿ ಕಿತ್ತು ಅಟ್ಟದ ಮ್ಯಾಲ ಇಡೂಣು ಅಂದ್ರ, ಇವ್ರು ನಿಚ್ಚಣಕಿ ಹಿಡಿತಾರು!"

ಸೀತಾಬಾಯಿ ಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ತಡೆಯಲಾಗದೆ ಗಟ್ಟಿಯಾಗಿ ನಕ್ಕರು. ಚಂಪವ್ವ ತಿರುಗಿ ನೋಡಿ ನಾಲಿಗೆ ಕಚ್ಚಿಕೊಂಡರು.

"ಹಿಸೆ ಆದ ಮನ್ಯಾಗ ಅತ್ತಿ ಸೊಸಿ ಇಷ್ಟ ಬಾಯಿ ಮಾಡಂಗಿಲ್ಲ ಬಿಡ್ರೆವ್ವ," ಎಂದರು ಸೀತಾಬಾಯಿ, ಒಂದು ಮಣೆ ಎಳೆದು ಕೂತು. "ನಮ್ಮಲ್ಲೂ ಹಿಂಗ. ಬಾರವ್ವಾ ತಾರಾ. ನೀ ಹೇಳು, ಪಾತ್ರಿ ಹಲಗಿ ಮ್ಯಾಲ ಇದ್ರ ಚಲೋನೋ, ಹಿಂಗ ಚಲೋನೋ?"

ತಾರಾ ನೆಲ ನೋಡುತ್ತ ಹೇಳಿದಳು: "ತಿಕ್ಕಾಕಿ ನಾನರಿ. ಎಲ್ಲಿದ್ರೂ ಕಮ್ಮಿ ಇದ್ರ ಚಲೋ."

"ಖರೆ ಮಾತಾಡ್ತಾಳ!" ಎಂದು ಸೀತಾಬಾಯಿ ಅವಳನ್ನು ಪಕ್ಕಕ್ಕೆ ಎಳೆದುಕೊಂಡರು. "ಒಂಚೂರು ಸಕ್ರಿ ಕೊಡ್ರಿ, ಜಿನ್ನವ್ವಾರ. ಹುಡುಗಿ ಬಾಯಾಗ ಹಾಕ್ತೀನಿ."

ಹುಡುಗಿಯ ಬಾಯಿಗೆ ಸಕ್ಕರೆ ಹಾಕಿದರೆ ಸಂಬಂಧ ಒಪ್ಪಿದಂತೆ; ಅತ್ತೆಯ ಕಣ್ಣು ತುಂಬಿತು. ಆದರೆ ಸಕ್ಕರೆ ಡಬ್ಬಿ ಎಲ್ಲಿ? ಚಹಾಕ್ಕೆ ಬೆಲ್ಲ ಹಾಕಿದ್ದರಿಂದ ಬೆಳಗ್ಗೆಯಿಂದ ಅದನ್ನು ಯಾರೂ ನೋಡಿರಲಿಲ್ಲ. ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಿತ್ತು. ಹೊತ್ತು ಮುಳುಗಿದರೆ ನಮ್ಮ ಜೈನರು ಯಾರೂ ಬಾಯಿಗೆ ಏನೂ ಹಾಕುವವರಲ್ಲ, ಮತ್ತೊಂದು ದಿನ ನೋಡೋಣ ಎಂದುಬಿಟ್ಟರೆ?

"ಪಾರಿಸಾ!" ಎಂದು ಅತ್ತೆ ಸಣ್ಣ ಮಗನನ್ನು ಕೂಗಿದರು. "ಇಟ್ಟಾವಾ ನೀನು, ಹುಡುಕಾವಾನೂ ನೀನು!"

ನನ್ನ ಗಂಡ ಧೋತರ ಮೇಲೆ ಕಟ್ಟಿ ಪಾತ್ರೆಗಳ ಸಂದಿಯಲ್ಲಿ ತೂರಿದರು. ಒಂದು ಡಬರಿ ಉರುಳಿತು, ಅದರ ಹಿಂದೆ ಎರಡು ತಂಬಿಗೆ. ಹೊರಗಿಂದ ಕಾಕಾ, "ಏನಾತ್ರೋ ಒಳಗ?" ಎಂದು ಕೂಗುತ್ತಿದ್ದರು. ನಾನು ಕಿಟಕಿಯನ್ನೊಮ್ಮೆ, ಗಂಡನ ಬೆನ್ನನ್ನೊಮ್ಮೆ ನೋಡುತ್ತಿದ್ದೆ. ಕೊನೆಗೆ ದೊಡ್ಡ ಹಂಡೆಯೊಳಗಿಂದ ಅವರ ಕೈ ಮೇಲೆ ಬಂತು, ಕೈಯಲ್ಲಿ ಡಬ್ಬಿ. ಕೂದಲ ತುಂಬ ಜೇಡರಬಲೆ.

ಸೀತಾಬಾಯಿ ತಾರಾಳ ಬಾಯಿಗೆ ಸಕ್ಕರೆ ಹಾಕಿದರು. ಆಮೇಲೆ ಇನ್ನೊಂದು ಚಿಟಿಕೆ ತೆಗೆದು, "ನೀನೂ ಬಾಯಿ ತಗಿಯೋ, ಮುಂಬೈ ಸಾವಕಾರ," ಎಂದರು.