ಎರಡು ಸಲ ಅಪ್ಪಣೆ ಕೇಳಿದ ಪ್ರಧಾನಿ

ಅಲ್ಸೀದ್ ರೂಕೆರೋಲರು ಯಾವ ಕುರ್ಚಿಯಲ್ಲೂ ಬೆನ್ನು ಆನಿಸಿ ಕೂತದ್ದನ್ನು ನಾನು ಕಂಡವನಲ್ಲ. ಮೊಣಕಾಲುಗಳನ್ನು ಜೋಡಿಸಿ, ಬೂದುಬಣ್ಣದ ಉದ್ದನೆಯ ಕೋಟನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, ಈಗಲೋ ಆಗಲೋ ಯಾರಾದರೂ ಬಂದು ಏಳಿ ಎಂದಾರು ಎಂಬಂತೆ ಅವರು ಕುರ್ಚಿಯ ಅಂಚಿನಲ್ಲೇ ಕೂರುತ್ತಿದ್ದರು. ಅಂಚೆ ಮಂತ್ರಿಯಾಗಿದ್ದಾಗಲೂ ಹಾಗೆಯೇ, ಕೃಷಿ ಮಂತ್ರಿಯಾಗಿದ್ದಾಗಲೂ ಹಾಗೆಯೇ, ಸಮುದ್ರ ಕಂಡರೆ ತಲೆ ಸುತ್ತುವ ಆ ಮನುಷ್ಯನನ್ನು ಯಾರೋ ಪುಣ್ಯಾತ್ಮರು ಹಡಗು ಖಾತೆಗೆ ಹಾಕಿದ್ದಾಗಲೂ ಹಾಗೆಯೇ. ಮಂತ್ರಿಯ ಕೋಣೆಯಲ್ಲಿ ಕೋಟು ನೇತುಹಾಕಲು ಹಿತ್ತಾಳೆಯ ಗೂಟ ಇದ್ದೇ ಇರುತ್ತಿತ್ತು. ಅವರು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಬಿಚ್ಚಿ ನೇತುಹಾಕೋ ಹೊತ್ತಿಗೆ ಸರ್ಕಾರ ಬಿದ್ದಿರುತ್ತೆ ಕಣಪ್ಪ. ಮತ್ತೆ ಹುಡುಕ್ಕೊಂಡು ಬರೋರ್ಯಾರು?" ಎಂದು ಒಮ್ಮೆ ನನಗೆ ಹೇಳಿದ್ದರು.

ತಮಾಷೆಯೇ ಆದರೂ ಸುಳ್ಳಲ್ಲ. ಮಹಾಯುದ್ಧ ಮುಗಿದು, ಹೊಸ ಸಂವಿಧಾನ ಬಂದು, ಪ್ಯಾರಿಸಿನಲ್ಲಿ ಸರ್ಕಾರಗಳು ಋತುಮಾನಕ್ಕಿಂತ ಬೇಗ ಬದಲಾಗುತ್ತಿದ್ದ ಕಾಲ ಅದು. ನಾನು ಆಗ ಸಂಸತ್ ಸಭೆಯ ಮೊಗಸಾಲೆಯಲ್ಲಿ ಅಡ್ಡಾಡಿಕೊಂಡು ಸುದ್ದಿ ಹೆಕ್ಕುವ ಪತ್ರಿಕೆಯವನು. ಶರತ್ಕಾಲದ ಸಂಜೆಗಳಲ್ಲಿ ಸೇನ್ ನದಿಯ ಮಂಜು ಮೆಟ್ಟಿಲೇರಿ ಬಂದು ಕಿಟಕಿಯ ಗಾಜಿಗೆ ಮುಖವಿಟ್ಟಾಗ, ಒಳಗೆ ದೀಪಗುಚ್ಛಗಳ ಕೆಳಗೆ, ನಿಲುವುಗನ್ನಡಿಗಳ ನಡುವೆ, ನಿನ್ನೆಯ ಮಂತ್ರಿ ಯಾರು, ನಾಳೆಯ ಮಂತ್ರಿ ಯಾರು ಎಂಬುದೇ ಕಲಸಿಹೋಗಿ, ಎಲ್ಲರೂ ಒಂದೇ ನಿದ್ದೆಯಲ್ಲಿ ನಡೆಯುತ್ತಿರುವ ಹಾಗೆ ಕಾಣುತ್ತಿತ್ತು. ಆ ನೆರಳುಗಳ ನಡುವೆ ರೂಕೆರೋಲರು ಜಮಖಾನೆಯ ನಡುಭಾಗವನ್ನು ಬೇರೆಯವರಿಗೆ ಬಿಟ್ಟು, ಗೋಡೆಯ ಪಕ್ಕ ಪುಟ್ಟ ಪುಟ್ಟ ಹೆಜ್ಜೆಯಿಡುತ್ತ ಬರುತ್ತಿದ್ದರು. ಅವರ ಮಾತೆಲ್ಲ "ನಿಮ್ಮ ಅಭ್ಯಂತರ ಇಲ್ದಿದ್ರೆ" ಎಂಬಲ್ಲಿಂದಲೇ ಶುರು. ಹೋಟೆಲಿನ ಮಾಣಿಗೂ ಅದೇ: "ನಿಮ್ಮ ಅಭ್ಯಂತರ ಇಲ್ದಿದ್ರೆ, ಒಂದು ಈರುಳ್ಳಿ ಸೂಪು."

ಹೀಗಿದ್ದವರಿಗೆ ಪ್ರಧಾನಿಯಾಗುವ ಆಸೆ ಇತ್ತು ಎಂದರೆ ಮೊಗಸಾಲೆಯವರು ನಗುತ್ತಿದ್ದರು. ನನಗೆ ಮಾತ್ರ ಅದರ ಕಾರಣ ಗೊತ್ತಿತ್ತು. ನೈಋತ್ಯದ ಗುಡ್ಡಗಳ ನಡುವೆ, ಅಕ್ರೋಟ್ ಮರಗಳ ನೆರಳಿನಲ್ಲಿರುವ ಮೊಂರೊಸಾಲ್ ಎಂಬ ಪಟ್ಟಣಕ್ಕೆ ಅವರು ಮೇಯರು. ಅಲ್ಲಿನ ಸಂತೆಯಲ್ಲಿ ಗಿಣ್ಣು ಮಾರುವ ಎಲೊದೀ ಕಾಬ್ರೊಲ್ ಎಂಬ ವಿಧವೆಯ ಹಿರಿಯ ಮಗ ಇಂಡೋಚೈನಾದ ಯುದ್ಧದಲ್ಲಿ ಸತ್ತಿದ್ದ. ಕಿರಿಯವನಾದ ರೆಮಿ, ಅಣ್ಣ ಹೋದ ದಾರಿಯನ್ನೇ ಹಿಡಿದು, ತಾನಾಗಿಯೇ ಸೈನ್ಯಕ್ಕೆ ಸೇರಿ ಅಲ್ಲಿಗೇ ಹೊರಟುಹೋಗಿದ್ದ. ಪ್ರತಿ ಶನಿವಾರ ರೂಕೆರೋಲರು ಗಿಣ್ಣು ಕೊಳ್ಳಲು ಹೋದಾಗ ಆಕೆ ಕೇಳುತ್ತಿದ್ದುದು ಒಂದೇ ಮಾತು: "ಈ ಯುದ್ಧ ನಿಲ್ಸೋರು ಯಾರೂ ಇಲ್ವಾ, ಮೇಯರ್ ಸಾಹೇಬ್ರೇ?"

ನಿಲ್ಲಿಸುತ್ತೇನೆ ಎಂದು ಅವರು ಆಕೆಗೆ ಮಾತು ಕೊಟ್ಟಿದ್ದರು.

ಒಂದು ಶರತ್ಕಾಲದಲ್ಲಿ ಸರ್ಕಾರ ಬಿದ್ದು, ಘಟಾನುಘಟಿಗಳೆಲ್ಲ ಒಬ್ಬರ ಕಾಲನ್ನೊಬ್ಬರು ಎಳೆದು ಸುಸ್ತಾಗಿ, ಯಾರಿಗೂ ಬೇಡವೆನಿಸದ ಮನುಷ್ಯ ಯಾರು ಎಂದು ಹುಡುಕುತ್ತ ಹೋದವರಿಗೆ ಕೊನೆಗೆ ಉಳಿದದ್ದು ರೂಕೆರೋಲರು. ರಾಷ್ಟ್ರಾಧ್ಯಕ್ಷರು ಕರೆಸಿದರು. ನಿಯಮದಂತೆ ಅವರು ಒಬ್ಬಂಟಿಯಾಗಿ ಸಭೆಯ ಮುಂದೆ ನಿಂತು, ತಾವು ಮಾಡಬೇಕೆಂದಿರುವುದನ್ನು ಹೇಳಿದರು. ಯುದ್ಧ ನಿಲ್ಲಿಸಲು ಶತ್ರುವಿನೊಡನೆ ಮಾತಿಗೆ ಕೂರುತ್ತೇನೆ ಎಂಬುದನ್ನು ಎಷ್ಟು ಮೆಲ್ಲಗೆ ಹೇಳಿದರೆಂದರೆ, ಅದು ಧೈರ್ಯದ ಮಾತೆಂದು ಅರ್ಧ ಸಭೆಗೆ ಹೊಳೆಯಲೇ ಇಲ್ಲ. ಬಹುಮತ ಹೂಂ ಎಂದಿತು. ಅಲ್ಲಿಗೆ ಅವರು ಪ್ರಧಾನಿ. ಇನ್ನು ಮಂತ್ರಿಗಳನ್ನು ಆರಿಸಿಕೊಂಡು ಕೆಲಸಕ್ಕೆ ತೊಡಗಿದರಾಯಿತು. ಸಂವಿಧಾನ ಹೇಳುವುದು ಅಷ್ಟೇ.

ಆದರೆ ಕೆಲವು ವರ್ಷಗಳ ಹಿಂದೆ ಒಬ್ಬ ಪ್ರಧಾನಿ, ಬರಿಯ ಸೌಜನ್ಯಕ್ಕೆಂದು, ಮಂತ್ರಿಗಳನ್ನು ಆರಿಸಿದ ಮೇಲೆ ಅವರನ್ನೂ ಸಭೆಯ ಮುಂದೆ ನಿಲ್ಲಿಸಿ, ಇನ್ನೊಂದು ಸಲ ಮತ ಕೇಳಿದ್ದರು. ಕಾನೂನಿನಲ್ಲಿಲ್ಲದ ಈ ಮರ್ಯಾದೆಯನ್ನು ಮುಂದಿನವರೂ ನಡೆಸಿಕೊಂಡು ಬಂದರು. ಮಾಡಲೇಬೇಕೆಂದು ಯಾರೂ ಹೇಳುವಂತಿರಲಿಲ್ಲ. ಮಾಡದಿದ್ದವನನ್ನು ಮಾತ್ರ ಒರಟ ಎನ್ನುವಂತಾಗಿತ್ತು.

ಮಂತ್ರಿಗಳ ಪಟ್ಟಿ ಸಿದ್ಧವಾದ ಮರುದಿನ ಬೆಳಿಗ್ಗೆ ಪ್ರಧಾನಿಯ ನಿವಾಸದಲ್ಲಿ ಅವರು ಮೊದಲ ಬಾರಿಗೆ ಕೋಟನ್ನು ಗೂಟಕ್ಕೆ ಹಾಕಿದ್ದನ್ನು ನಾನೇ ನೋಡಿದೆ. ಹಿಂದಿನ ತೋಟದಲ್ಲಿ ಹಳದಿ ಎಲೆಗಳು ಒಂದೊಂದೇ, ಅವಸರವಿಲ್ಲದೆ ಇಳಿಯುತ್ತಿದ್ದವು. ಶಾಂತಿಯ ಮಾತುಕತೆಗೆ ಹೋಗಬೇಕಾದ ರಾಯಭಾರಿ ಪಕ್ಕದ ಕೋಣೆಯಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಕಾಯುತ್ತಿದ್ದ. ಮಂತ್ರಿಮಂಡಲ ಒಮ್ಮೆ ಕೂತು ಒಪ್ಪಿದರೆ ಅವನು ಅಂದೇ ವಿಮಾನ ಹತ್ತುವವನು.

ಪಕ್ಷದ ಹಳೆಯ ಗೆಳೆಯ ಫುಲ್ಕ್ರಾನ್ ಬೊಲ್ಯಾಕ್ ತಲೆ ಚಚ್ಚಿಕೊಂಡ. "ಸಭೆಗೆ ಹೋಗ್ಬೇಡ ಕಣೋ. ಕೃಷಿ ಕೇಳಿದೋನಿಗೆ ಅಂಚೆ ಕೊಟ್ಟಿದೀಯ, ಅಂಚೆ ಕೇಳಿದೋನಿಗೆ ಏನೂ ಕೊಟ್ಟಿಲ್ಲ. ಎಲ್ಲ ಹಲ್ಲು ಕಡೀತಾ ಕೂತಿದಾರೆ. ಮೊದಲು ಆ ರಾಯಭಾರೀನ ಕಳ್ಸು."

"ನಿನ್ನ ಅಭ್ಯಂತರ ಇಲ್ದಿದ್ರೆ, ಫುಲ್ಕ್ರಾನ್, ಮೊದಲು ಸಭೆಗೆ ಹೋಗಿ ಬರ್ತೀನಿ."

"ಅಭ್ಯಂತರ ಇದೆ ಅಂತಾನೇ ಬಡ್ಕೋತಿರೋದು."

ಹೆಂಡತಿ ಲಿಯೋನಿ ಅಷ್ಟು ಹೊತ್ತು ಕಿಟಕಿಯ ಬಳಿ ತೋಟ ನೋಡುತ್ತ ನಿಂತಿದ್ದರು. ಈಗ ತಿರುಗಿದರು. "ರೀ, ಮದುವೆಯಾಗ್ತೀಯಾ ಅಂತ ನೀವು ಕೇಳಿದಾಗ ನಾನು ಮೊದಲ್ನೇ ಸಲಕ್ಕೇ ಹೂಂ ಅಂದಿದ್ದೆ. ಮಾರನೇ ದಿನ ಬಂದು ಮತ್ತೆ ಕೇಳಿದ್ರಿ. ಪಾಪ ಅಂತ ಮತ್ತೂ ಹೂಂ ಅಂದೆ. ಆ ಸಭೇಲಿರೋರಿಗೆ ನಿಮ್ಮ ಮೇಲೆ ಪ್ರೀತಿ ಇಲ್ಲ ಕಣ್ರೀ."

ಅವರು ನಕ್ಕರು, ಆಕೆಯ ಕೈ ಮುಟ್ಟಿದರು, ಹೊರಟರು. ಅಂದು ಮಧ್ಯಾಹ್ನ ಸಭೆ ಅವರನ್ನು ಬೀಳಿಸಿತು. ಹಲ್ಲು ಕಡಿಯುತ್ತಿದ್ದವರೆಲ್ಲ ವಿರುದ್ಧವಾಗಿ ಮತ ಹಾಕಿದ್ದರು; ಅವರಲ್ಲಿ ಅರ್ಧ ಜನ ರೂಕೆರೋಲರ ಪಕ್ಷದವರೇ. ರಾಯಭಾರಿ ಪೆಟ್ಟಿಗೆ ಬಿಚ್ಚಿದ. ಯುದ್ಧ ಇದ್ದ ಹಾಗೆಯೇ ಇತ್ತು. ಮುಂದಿನ ಪ್ರಧಾನಿ ಅದರ ಸುದ್ದಿಯನ್ನೇ ಎತ್ತಲಿಲ್ಲ.

ನಮ್ಮಲ್ಲಿ ಪ್ರಧಾನಿಯೆಂದರೆ ಮಂತ್ರಿಮಂಡಲದ ಅಧ್ಯಕ್ಷ; ಅದರಿಂದ ಒಂದು ಪದ್ಧತಿ ಬಂದಿದೆ. ಒಮ್ಮೆ ಪ್ರಧಾನಿಯಾದವನನ್ನು, ಆತ ವರ್ಷವೇ ಆಳಿರಲಿ, ಊಟದ ಹೊತ್ತಿಗೇ ಇಳಿದಿರಲಿ, ಸಾಯುವತನಕ ಎಲ್ಲರೂ 'ಅಧ್ಯಕ್ಷರೇ' ಎಂದೇ ಕರೆಯುತ್ತಾರೆ. ಕ್ಷೌರದವನು, ರೈಲಿನ ಟಿಕೆಟ್ ತಪಾಸಣೆಯವನು, ಊರಿನ ಪಾದ್ರಿ ಎಲ್ಲರಿಗೂ ಅವರು ಅಂದಿನಿಂದ ಅಧ್ಯಕ್ಷರಾದರು. ಪ್ರತಿ ಸಲ ಕರೆದಾಗಲೂ ಅವರ ಭುಜ ಸ್ವಲ್ಪ ಕುಗ್ಗುವುದು ನನ್ನ ಕಣ್ಣಿಗೆ ಬೀಳುತ್ತಿತ್ತು. ಅವರ ಮೇಲೆ ನನಗೆ ಕೋಪವಿತ್ತು; ಕೋಪಕ್ಕಿಂತ ಹೆಚ್ಚಾಗಿ ಅಕ್ಕರೆಯಿತ್ತು.

ವಸಂತದಲ್ಲಿ ಸೈನ್ಯದ ಕಡೆಯಿಂದ ಎಲೊದೀ ಕಾಬ್ರೊಲಳಿಗೆ ಸುದ್ದಿ ಬಂತು. ರೆಮಿಯೂ ಹೋಗಿದ್ದ.

ಆಗ ನಾನು ಅವರ ಜೊತೆ ಮೊಂರೊಸಾಲಿನಲ್ಲಿದ್ದೆ. ಶನಿವಾರ, ಸಂತೆಯ ದಿನ. ಅಕ್ರೋಟ್ ಮರಗಳು ಇನ್ನೂ ಚಿಗುರುವ ಯೋಚನೆಯಲ್ಲಿದ್ದವು. ಎಳೆಬಿಸಿಲಿನಲ್ಲಿ ಇಡೀ ಪಟ್ಟಣ ಅರೆ ಎಚ್ಚರದಲ್ಲಿತ್ತು. ಹೋಗುವುದು ಬೇಡ ಎಂದೆ. ಅವರು ಹೋದರು. ಆಕೆ ಕಪ್ಪು ಬಟ್ಟೆಯಲ್ಲಿ ಎಂದಿನ ಜಾಗದಲ್ಲೇ ನಿಂತು ಎಂದಿನ ಗಿಣ್ಣನ್ನೇ ಕೊಯ್ದು, ಕಾಗದದಲ್ಲಿ ಸುತ್ತಿ ಅವರ ಕೈಗಿಟ್ಟಳು. ಆಮೇಲೆ, ಬೈಗುಳವೇ ಇಲ್ಲದ ದನಿಯಲ್ಲಿ, ನಿಜಕ್ಕೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

"ಅಧ್ಯಕ್ಷರೇ, ಅವರು ಒಂದು ಸಲ ಹೂಂ ಅಂದಿದ್ರಂತಲ್ಲ. ನಿಮಗದು ಸಾಕಾಗ್ಲಿಲ್ವಾ?"

ಸೌಜನ್ಯ, ಪದ್ಧತಿ, ಸಭೆಯ ಗೌರವ ಎಂದೆಲ್ಲ ಅವರು ಪತ್ರಿಕೆಗಳಿಗೆ ಹೇಳಿಯಾಗಿತ್ತು. ಆಕೆಗೆ ಅದೊಂದನ್ನೂ ಹೇಳಲಿಲ್ಲ.

"ಇಲ್ಲ, ಎಲೊದೀ. ಸಾಕಾಗ್ಲಿಲ್ಲ. ಇನ್ನೊಂದು ಸಲ ಕೇಳಿಸ್ಕೊಳ್ಬೇಕು ಅನ್ನಿಸ್ತು," ಎಂದರು.

ಅಧಿಕಾರವನ್ನು ಕಿತ್ತುಕೊಳ್ಳುವವರ ಬಗ್ಗೆ ನಮ್ಮ ದೇಶ ಬೇಕಾದಷ್ಟು ಬರೆದಿದೆ. ಕೈಗೆ ಬಂದ ಅಧಿಕಾರವನ್ನು 'ನಿಜವಾಗಿಯೂ ನನಗೇನಾ' ಎಂದು ಕೇಳುತ್ತ ನಿಲ್ಲುವ ಇಂಥವರ ಬಗ್ಗೆ ಬರೆದದ್ದು ಕಡಿಮೆ. ಇವರು ಯಾರನ್ನೂ ತುಳಿಯುವುದಿಲ್ಲ, ಯಾರ ಮೇಲೂ ದನಿ ಏರಿಸುವುದಿಲ್ಲ, ಇವರ ಜೊತೆ ಒಂದು ಸಂಜೆ ಕಳೆದರೆ ಮನುಷ್ಯರ ಮೇಲೆ ನಂಬಿಕೆ ಹುಟ್ಟುತ್ತದೆ. ಒಳ್ಳೆಯವರೆನ್ನಲು ನನಗೆ ಯಾವ ಅನುಮಾನವೂ ಇಲ್ಲ. ಆದರೆ ತಮ್ಮನ್ನು ಎಲ್ಲರೂ ಒಪ್ಪಬೇಕೆಂಬ ಹಸಿವು ಇವರಲ್ಲಿ ಎಷ್ಟು ಆಳವಾಗಿರುತ್ತದೆಂದರೆ, ತಮ್ಮನ್ನು ಆಗಲೇ ಒಪ್ಪಿ, ನಂಬಿ, ದೂರದ ಸಂತೆಯಲ್ಲಿ ಕಾಯುತ್ತಿರುವ ಒಬ್ಬಳು ಆ ಹೊತ್ತಿನಲ್ಲಿ ಇವರಿಗೆ ನೆನಪಾಗುವುದಿಲ್ಲ.