ಹೂಮಳೆ ನಾಟಕದ ಕೊನೆಯ ಸೀನು

ಫೆಬ್ರವರಿ ಮುಗಿಯುತ್ತಿದ್ದ ಹಾಗೆ ಹಾನುಬಾಳಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರು ಒಂದು ಫ್ಲೆಕ್ಸ್ ಎದ್ದು ನಿಂತಿತು. ಬರುವ ಶನಿವಾರ ಸಂಜೆ, ಕಾಫಿ ಮೆಣಸಿನ ವ್ಯಾಪಾರಿ ಬಾಬಾಜಾನ್ ಅವರ ಕಣದಲ್ಲಿ ಮಕ್ಕಳ ಕುಣಿತ, ಸಕಲೇಶಪುರದ ಹುಡುಗರಿಂದ ಹಾಡು, ಜೊತೆಗೆ ಪಾಳ್ಯದ ಕಲಾ ಸಂಘದವರಿಂದ ‘ಅತ್ತೆ ಸೊಂಟದ ಬೀಗದ ಕೈ’ ಎಂಬ ಸಾಮಾಜಿಕ ನಾಟಕ. ಕೆಳಗೆ ದಪ್ಪ ಅಕ್ಷರದಲ್ಲಿ ‘ಕಲಾಭಿಮಾನಿಗಳ ಒತ್ತಾಯದ ಮೇರೆಗೆ’ ಎಂದು ಅಚ್ಚು ಹಾಕಿಸಿದ್ದರು. ಅದು ಹಸಿ ಸುಳ್ಳು. ಒತ್ತಾಯ ಮಾಡಿದವರು ಕಾಫಿ ಬೆಳೆಗಾರರು, ಅವರಿಗೆ ಬೇಕಾಗಿದ್ದದ್ದು ಮಳೆ.

ಈ ನಾಟಕಕ್ಕೆ ಒಂದು ಗ್ರಹಚಾರ ಅಂಟಿಕೊಂಡಿತ್ತು. ಎಲ್ಲಿ ಆಡಿದರೂ ಎರಡನೇ ಅಂಕ ಮುಗಿಯುವ ಹೊತ್ತಿಗೆ ಮಳೆ ಸುರಿದು, ಕರೆಂಟು ಹೋಗಿ, ಜನ ಚದುರಿಬಿಡುತ್ತಿದ್ದರು. ಆಲೂರಿನಲ್ಲಿ ಹಾಗೇ ಆಯಿತು, ಬಾಳ್ಳುಪೇಟೆಯಲ್ಲಿ ಹಾಗೇ ಆಯಿತು, ಎರಡು ವರ್ಷದ ಹಿಂದೆ ಇದೇ ಹಾನುಬಾಳಿನಲ್ಲೂ ಆಯಿತು. ಕಾಫಿ ಗಿಡದ ಮೊಗ್ಗು ಅರಳಲು ಮಾರ್ಚಿನ ಆಸುಪಾಸಿನಲ್ಲಿ ಒಂದು ಒಳ್ಳೆಯ ಮಳೆ ಬೀಳಬೇಕು. ಅದನ್ನೇ ಹೂಮಳೆ ಅನ್ನುವುದು. ಅದು ಕೈಕೊಟ್ಟರೆ ಆ ವರ್ಷದ ಫಸಲೂ ಕೈಕೊಟ್ಟ ಹಾಗೆ. ಹೀಗಿರುವಾಗ ಮಳೆಯನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುವ ನಾಟಕದವರನ್ನು ಬೆಳೆಗಾರರು ಬಿಡುತ್ತಾರೆಯೇ? ಮಾರ್ಚಿನ ಸಂಜೆ ಮಳೆ ಬರುವುದರಲ್ಲಿ ಏನು ಪವಾಡ ಎಂದು ಯಾರಾದರೂ ತಲೆ ಇರುವವರು ಕೇಳಿದರೆ, ಬಾಬಾಜಾನ್ ಆ ಕೇಳಿದವರನ್ನು ಕರುಣೆಯಿಂದ ನೋಡಿ ಸುಮ್ಮನಾಗುತ್ತಿದ್ದರು.

ಸಂಘದ ಯಜಮಾನ ಚಲುವಯ್ಯನಿಗೆ ಇದೆಲ್ಲ ಹೆಮ್ಮೆ. ನಾಟಕ ಬರೆದವನೂ ಅವನೇ, ಕಲಿಸಿದವನೂ ಅವನೇ. ಕಷ್ಟ ಇದ್ದದ್ದು ಅತ್ತೆಯ ಪಾತ್ರ ಮಾಡುವ ಮೀನಾಕ್ಷಮ್ಮನಿಗೆ.

ಆ ಅತ್ತೆ ಮೊದಲ ಎರಡು ಅಂಕಗಳಲ್ಲಿ ಸೊಂಟಕ್ಕೆ ಬೀಗದ ಕೈ ಗೊಂಚಲು ಕಟ್ಟಿಕೊಂಡು ಸೊಸೆಯನ್ನು ಹುರಿದು ಮುಕ್ಕುತ್ತಾಳೆ. ಉಪ್ಪಿನ ಡಬ್ಬಿಗೂ ಬೀಗ ಹಾಕುತ್ತಾಳೆ. ಮೂರನೇ ಅಂಕದ ಕೊನೆಯ ಸೀನಿನಲ್ಲಿ ಮನಸ್ಸು ಕರಗಿ, ಗೊಂಚಲನ್ನು ತಾನೇ ಬಿಚ್ಚಿ ಸೊಸೆಯ ಕೈಗಿಡುತ್ತಾಳೆ. ಆದರೆ ಆ ಸೀನನ್ನು ಕಂಡವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಸೀಮೆಯ ಹೆಂಗಸರಿಗೆಲ್ಲ ಮೀನಾಕ್ಷಮ್ಮ ಎಂದರೆ ಉಪ್ಪಿಗೆ ಬೀಗ ಹಾಕಿದ ಅತ್ತೆ, ಅಷ್ಟೇ. ಬಸ್ಸಿನಲ್ಲಿ ಪಕ್ಕ ಕೂತವರು ಗುರುತು ಹಿಡಿದು ಸ್ವಲ್ಪ ಸರಿದು ಕೂರುತ್ತಿದ್ದರು. ನಿಜವಾಗಿ ಅವಳ ಮನೆಯ ಬೀರುವಿನ ಕೀ ವರ್ಷಗಟ್ಟಲೆ ಬೀರುವಿನಲ್ಲೇ ನೇತಾಡುತ್ತಿತ್ತು. ಎರಡು ಎಕರೆ ಗದ್ದೆ, ನಾಲ್ಕು ಸಾಲು ಕಾಫಿ ಇಟ್ಟುಕೊಂಡು, ಬೆಕ್ಕಿಗೂ ಗದರದೆ ಬಾಳಿದ ಹೆಂಗಸು ಅವಳು.

ಜನ ಏನೆಂದುಕೊಂಡರೂ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಈ ವರ್ಷ ನಗುವ ಹಾಗಿರಲಿಲ್ಲ. ಆಲೂರಿನಲ್ಲಿ ಪಂಪ್‌ಸೆಟ್ಟು, ಟಿಲ್ಲರು ರಿಪೇರಿ ಮಾಡುವ ಅವಳ ಮಗ ಪ್ರಜ್ವಲ್‌ಗೆ ಹಾನುಬಾಳಿನ ಚೈತ್ರಶ್ರೀ ಎಂಬ ಹುಡುಗಿಯನ್ನು ನೋಡಿ ಬಂದಿದ್ದರು. ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು, ಅವಳ ಅಪ್ಪ ಅಮ್ಮನೂ ಒಪ್ಪಿದರು. ಒಪ್ಪದೆ ಕೂತದ್ದು ಅಜ್ಜಿ ಚೆಲುವಮ್ಮ. ಆ ಮನೆಯಲ್ಲಿ ಅಜ್ಜಿ ಹೂಂ ಅನ್ನದೆ ಹಸುವಿನ ಹಗ್ಗವನ್ನೂ ಬಿಚ್ಚುವಂತಿರಲಿಲ್ಲ.

ಕಾರಣ ತಿಳಿಸಿದ್ದು ಹಾನುಬಾಳಿಗೇ ಕೊಟ್ಟಿದ್ದ ನಾದಿನಿ ಪಾರ್ವತಮ್ಮ. ಫೋನಿನಲ್ಲಿ ಸುತ್ತಿ ಬಳಸಿ ಮಾತಾಡಿ, ಕೊನೆಗೆ ಬಾಯಿ ಬಿಟ್ಟಳು.

“ಅತ್ತಿಗೆ, ಬೇಜಾರ್ ಮಾಡ್ಕಬೇಡಿ. ಆವತ್ತು ನಮ್ಮೂರಲ್ಲಿ ಆಡಿದ್ ನಿಮ್ ನಾಟಕಾನ ಅಜ್ಜಿ ಮುಂದ್ಗಡೆ ಸಾಲಲ್ಲೇ ಕೂತು ನೋಡೈತೆ. ಬರೀ ಪಾತ್ರ ಕಣಜ್ಜಿ ಅಂದೆ. ಒಳಗೆ ಇಲ್ದೇ ಇದ್ರೆ ಅಷ್ಟು ಚೆನ್ನಾಗಿ ಆಚೆಗೆ ಬತ್ತದಾ ಅಂತ ನನ್ನೇ ಕೇಳ್ತು.”

ಮೀನಾಕ್ಷಮ್ಮನಿಗೆ ಮೊದಲು ನಗು ಬಂತು, ಹಿಂದೆಯೇ ಅಳು ಬಂತು. ತನ್ನ ನಟನೆಯನ್ನು ಯಾರೂ ಇಷ್ಟು ಚೆನ್ನಾಗಿ ಹೊಗಳಿರಲಿಲ್ಲ, ಹೊಗಳಿದ ಬಾಯೇ ಮಗನ ಮದುವೆಗೆ ಅಡ್ಡ ಕೂತಿತ್ತು. ರಾತ್ರಿಯೆಲ್ಲ ಹೊರಳಾಡಿ ಅವಳು ಒಂದು ದಾರಿ ಹುಡುಕಿದಳು. ಒಳಗಿದ್ದದ್ದೇ ಆಚೆಗೆ ಬರುವುದಾದರೆ, ಅಜ್ಜಿ ಆ ಕೊನೆಯ ಸೀನನ್ನು ನೋಡಿಬಿಡಲಿ. ಕೆಟ್ಟತನ ನನ್ನೊಳಗಿನದು ಅಂದವರು ಒಳ್ಳೆಯತನವನ್ನೂ ನನ್ನದೇ ಅನ್ನಬೇಕಲ್ಲ. ಅದಕ್ಕೆ ಬೇಕಾದದ್ದು ಇಷ್ಟೇ, ಶನಿವಾರ ಮಳೆ ಬರುವ ಮೊದಲೇ ನಾಟಕ ಮುಗಿಯಬೇಕು.

ಮಾರನೆಯ ದಿನವೇ ಬಾಬಾಜಾನ್‌ಗೆ ಫೋನು ಮಾಡಿ, ಹಾಡು ಕುಣಿತ ಎಲ್ಲ ಹಿಂದಕ್ಕಿರಲಿ, ನಾಟಕವೇ ಮೊದಲು ಆಗಲಿ ಎಂದು ಕೇಳಿಕೊಂಡಳು. ಅವರು ಬಹಳ ಹೊತ್ತು ಗಡ್ಡ ಕೆರೆದುಕೊಂಡಿರಬೇಕು. ನಾಟಕ ಬೇಗ ಮುಗಿದು ಮಳೆ ಬರದೇ ಹೋದರೆ ಬೆಳೆಗಾರರಿಗೆ ಏನು ಹೇಳುವುದು ಎಂಬ ಚಿಂತೆ ಅವರಿಗೆ. ಹೆಣ್ಣುಮಗಳು ಇಷ್ಟು ಕೇಳುವಾಗ ಇಲ್ಲ ಅನ್ನಲಾರದೆ ಒಪ್ಪಿದರು, ಆದರೆ ಎರಡನೇ ಅಂಕವನ್ನು ಮಾತ್ರ ಸ್ವಲ್ಪ ನಿಧಾನಕ್ಕೆ ಆಡಿ ಎಂದರು. ಚಲುವಯ್ಯನನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ತಾನು ಬರೆದ ಒಂದು ಮಾತನ್ನು ಕತ್ತರಿಸಿದರೂ ಅವನಿಗೆ ಬೆರಳು ಕತ್ತರಿಸಿದ ಹಾಗೆ. ಕೊನೆಗೆ ಹುಡುಗನ ಮದುವೆಯ ವಿಷಯ ಎಂದು ಕರಗಿ ಐದು ಹಾಡು ತೆಗೆದ, ಕೆಂಚಯ್ಯ ಮಾಡುತ್ತಿದ್ದ ಕುಡುಕನ ಪಾತ್ರವನ್ನೇ ತೆಗೆದ. ಕೆಂಚಯ್ಯ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಶನಿವಾರ ಪ್ರಜ್ವಲ್‌ನನ್ನೂ ಕರೆದುಕೊಂಡು ಹಾನುಬಾಳಿಗೆ ಪಿಕಪ್ಪಿನಲ್ಲಿ ಸೀನರಿ ಹೇರಿಕೊಂಡು ಇಳಿದಾಗ ಆಕಾಶ ತೊಳೆದಿಟ್ಟಂತಿತ್ತು. ಮೀನಾಕ್ಷಮ್ಮ ಮನಸ್ಸಿನಲ್ಲೇ ಕೈಮುಗಿದಳು. ಬೆಳೆಗಾರರ ಮುಖ ಮಾತ್ರ ಜೋತು ಬಿದ್ದಿತ್ತು. ಕಣದಲ್ಲಿ ಸಾಲು ಸಾಲು ಕುರ್ಚಿ ಹಾಕಿದ್ದರು. ಹಿಂದುಗಡೆ ಬಾಬಾಜಾನ್ ಅವರ ಸ್ಟೋರು, ಅಂದರೆ ಕಾಫಿ ಮೆಣಸಿನ ಮೂಟೆ ಇಡುವ ದೊಡ್ಡ ಶೀಟಿನ ಕಟ್ಟಡ. ಮುಂದಿನ ಸಾಲಿನಲ್ಲಿ ಚೈತ್ರಶ್ರೀ, ಅವಳ ಪಕ್ಕದಲ್ಲಿ ಊರುಗೋಲು ಹಿಡಿದು ಚೆಲುವಮ್ಮಜ್ಜಿ. ಅಜ್ಜಿಯನ್ನು ಹೇಗೋ ಪುಸಲಾಯಿಸಿ ಕರೆತಂದಿದ್ದ ಪಾರ್ವತಮ್ಮ ದೂರದಿಂದಲೇ ಕಣ್ಣು ಮಿಟುಕಿಸಿದಳು.

ನಾಟಕ ಸಕಲೇಶಪುರದಿಂದ ಹಾಸನಕ್ಕೆ ಹೋಗುವ ತಡೆರಹಿತ ಬಸ್ಸಿನ ಹಾಗೆ ಹೊರಟಿತು. ಸೊಸೆಯ ಪಾತ್ರದ ಅಂಜುಮ್, ಆಲೂರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಹುಡುಗಿ, ಅಳುವುದನ್ನೂ ಅವಸರದಲ್ಲಿ ಅತ್ತಳು. ಅಜ್ಜಿಯ ಮುಖ ಕಂಡದ್ದೇ ಮೀನಾಕ್ಷಮ್ಮ ಬೈಯುವ ಮಾತುಗಳನ್ನು ಬುದ್ಧಿ ಹೇಳುವ ಹಾಗೆ ಮೆತ್ತಗೆ ಹೇಳತೊಡಗಿದಳು. ಜನಕ್ಕೆ ರುಚಿಸಲಿಲ್ಲ, ಹಿಂದಿನ ಸಾಲಿನಲ್ಲಿ ಶಿಳ್ಳೆ ಶುರುವಾಯಿತು. ಪರದೆಯ ಮರೆಯಿಂದ ಚಲುವಯ್ಯ, ಜ್ವರ ಗಿರ ಬಂದಿದೆಯೇನು ಎಂದು ಹಲ್ಲು ಕಡಿದ. ಅಷ್ಟು ಹೊತ್ತಿಗೆ ಉಪ್ಪಿನ ಡಬ್ಬಿಯ ಸೀನು ಬಂತು. ಎಷ್ಟೇ ಆಗಲಿ ಕಲಾವಿದೆ. ಡಬ್ಬಿ ಕೈಗೆ ಬಂದದ್ದೇ ತಡ, ಮಗನ ಮದುವೆ ಮರೆತೇ ಹೋಯಿತು. ಅವಳು ಕಣ್ಣು ಕೆಕ್ಕರಿಸಿ, ಗೊಂಚಲು ಝಣಝಣ ಅನ್ನಿಸಿ, ಅಂಜುಮಳ ಮುಖಕ್ಕೆ ಮುಖ ತಂದು ಬೀಗ ಹಾಕಿದ ಪರಿಗೆ ಇಡೀ ಕಣ ಹೋ ಎಂದು ಚಪ್ಪಾಳೆ ಹೊಡೆಯಿತು. ಚೆಲುವಮ್ಮಜ್ಜಿ ಮೊಮ್ಮಗಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಮೀನಾಕ್ಷಮ್ಮನಿಗೆ ಸ್ಪಷ್ಟವಾಗಿ ಕಂಡಿತು. ಕೆಲಸ ಕೆಡಿಸಿಕೊಂಡೆ ಅಂದುಕೊಂಡಳು. ಇನ್ನು ಉಳಿದ ಆಸೆ ಕೊನೆಯ ಸೀನೊಂದೇ.

ಎರಡನೇ ಅಂಕದ ಪರದೆ ಬೀಳುವಾಗ ಪಡುವಣ ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ ಬಂತು. ಜನರೆಲ್ಲ ಒಟ್ಟಿಗೆ ತಲೆ ಎತ್ತಿದರು. ಮೀನಾಕ್ಷಮ್ಮ ಬೇಗ ಪರದೆ ಎತ್ತಿ ಎಂದು ಚಲುವಯ್ಯನ ರಟ್ಟೆ ಹಿಡಿದು ಅಲುಗಾಡಿಸಿದಳು. ಪರದೆ ಎದ್ದಿತು, ಮೊದಲ ಹನಿ ಅವಳ ಮೂಗಿನ ಮೇಲೇ ಬಿತ್ತು, ಹಿಂದೆಯೇ ಕರೆಂಟು ಹೋಯಿತು.

ಮಳೆ ಎಂದರೆ ಅದು ಮಳೆ. ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಓಡಿದರು, ಬೆಳೆಗಾರರು ಮಾತ್ರ ಅಂಗೈ ಚಾಚಿಕೊಂಡು ಕಣದ ನಡುವೆಯೇ ನೆನೆಯುತ್ತ ನಿಂತರು. ಬಾಬಾಜಾನ್ ವೇದಿಕೆಗೆ ಹತ್ತಿ ತೊಯ್ದ ಶಾಲನ್ನೇ ಚಲುವಯ್ಯನಿಗೆ ಹೊದಿಸಿ ತಬ್ಬಿಕೊಂಡರು. ಆಮೇಲೆ ಬೆಳೆಗಾರರು ತಮ್ಮ ತಮ್ಮ ತೋಟದ ಮಳೆಮಾಪಕದಲ್ಲಿ ಎಷ್ಟು ಸೆಂಟ್, ಅಂದರೆ ಇಂಚಿನ ನೂರರಲ್ಲಿ ಎಷ್ಟು ಪಾಲು, ಬಿದ್ದಿದೆ ನೋಡಲು ಒಬ್ಬೊಬ್ಬರೇ ಜೀಪು ಹತ್ತಿದರು. ನಾಟಕ ಏನಾಯಿತು ಎಂದು ಕೇಳಿದವರಿಲ್ಲ. ಮೀನಾಕ್ಷಮ್ಮ ಖಾಲಿ ಕುರ್ಚಿಗಳ ಮುಂದೆ ಅಳುತ್ತ ನಿಂತಿದ್ದಳು. ಮಳೆಯಲ್ಲಿ ಅದು ಯಾರಿಗೂ ಕಾಣುವಂತಿರಲಿಲ್ಲ.

ಆಗ ಸ್ಟೋರಿನ ಬಾಗಿಲ ಕಡೆಗೆ ಚೈತ್ರಶ್ರೀ ಅಜ್ಜಿಯನ್ನು ನಡೆಸಿಕೊಂಡು ಹೋಗುತ್ತಿರುವುದು ಕಂಡಿತು. ಮಂಡಿ ನೋವಿನ ಅಜ್ಜಿ ಓಡಲಾರದೆ ಉಳಿದುಬಿಟ್ಟಿದ್ದರು. ಮೀನಾಕ್ಷಮ್ಮ ಕಣ್ಣೊರೆಸಿಕೊಂಡಳು. ಸೆರಗು ಹಿಂಡುತ್ತಿದ್ದ ಅಂಜುಮಳ ಕೈ ಹಿಡಿದು ದರದರ ಎಳೆದುಕೊಂಡು ಸ್ಟೋರಿಗೆ ಓಡಿದಳು.

ಒಳಗೆ ಮೆಣಸಿನ ಮೂಟೆಗಳ ನಡುವೆ ಹತ್ತಿಪ್ಪತ್ತು ಜನ ನಿಂತಿದ್ದರು. ಚಿಟ್ಟೆಯ ರೆಕ್ಕೆ ಕಟ್ಟಿಕೊಂಡ ಮಕ್ಕಳು, ಹಾಡಲು ಬಂದು ಹಾಡದೆ ಉಳಿದ ಹುಡುಗರು, ಸೀನರಿ ಒಳಗಿಟ್ಟು ಬಂದ ಪ್ರಜ್ವಲ್. ಅಜ್ಜಿ ಒಂದು ಮೂಟೆಯ ಮೇಲೆ ಕೂತಿದ್ದರು. ಮೀನಾಕ್ಷಮ್ಮ ಅವರ ಮುಂದೆ ಹೋಗಿ ನಿಂತಳು.

“ಅಮ್ಮಾ, ಇನ್ನೊಂದು ಸೀನ್ ಉಳ್ದೈತೆ. ಅದೊಂದು ನೋಡ್ಬುಟ್ಟು ಹೋಗಿ.”

“ಮಳೆ ಬಂತಲ್ಲ, ಇನ್ಯಾಕೆ ನಾಟ್ಕ?”

“ಮಳೆಗಲ್ಲ ಕಣಮ್ಮ. ನನಗೋಸ್ಕರ.”

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಊರುಗೋಲನ್ನು ಪಕ್ಕಕ್ಕಿಟ್ಟರು. ಹುಡುಗರು ಮೊಬೈಲಿನ ಬೆಳಕು ಬಿಟ್ಟರು. ಶೀಟಿನ ಮೇಲೆ ಮಳೆಯ ಗದ್ದಲ ಎಷ್ಟಿತ್ತೆಂದರೆ ಪಿಸುಮಾತಿನಲ್ಲಿ ಹೇಳಬೇಕಾದ ಮಾತನ್ನೆಲ್ಲ ಮೀನಾಕ್ಷಮ್ಮ ಗದ್ದೆಯ ಆಚೆ ಬದಿಯವರನ್ನು ಕರೆಯುವ ಹಾಗೆ ಕೂಗಿ ಹೇಳಬೇಕಾಯಿತು. ಮಗಳೇ, ನಿನ್ನನ್ನು ಬಹಳ ನೋಯಿಸಿದೆ ಎಂದು ಅವಳು ಅರಚಿದಳು. ಪರವಾಗಿಲ್ಲ ಅತ್ತೆ ಎಂದು ಅಂಜುಮ್ ಅರಚಿದಳು. ಮಕ್ಕಳು ಕಿಸಕ್ಕೆಂದರು.

ಇನ್ನು ಗೊಂಚಲು ಬಿಚ್ಚಿ ಕೊಡಬೇಕು. ಮೀನಾಕ್ಷಮ್ಮ ಸೊಂಟಕ್ಕೆ ಕೈ ಹಾಕಿದಳು. ಮಳೆಯಲ್ಲಿ ನೆನೆದ ದಾರದ ಗಂಟು ಬಿಗಿದು ಕಲ್ಲಾಗಿತ್ತು. ಎಳೆದಳು, ಬರಲಿಲ್ಲ. ತಿರುಗಿಸಿದಳು, ಇನ್ನೂ ಬಿಗಿಯಿತು. ನಗುತ್ತಿದ್ದವರು ನಗು ನಿಲ್ಲಿಸಿದರು, ಈ ಅತ್ತೆಗೆ ಕೊಡಲು ಮನಸ್ಸೇ ಬರುತ್ತಿಲ್ಲ ಎಂದೇ ಎಲ್ಲರೂ ತಿಳಿದರು. ಕೊಟ್ಟುಬಿಡಿ ಎಂದು ಒಂದು ಚಿಟ್ಟೆ ಕೂಗಿತು. ಮೀನಾಕ್ಷಮ್ಮ ಗಂಟನ್ನು ಮತ್ತೆ ಎಳೆದಳು. ಇಲ್ಲಿಯವರೆಗೆ ಬಂದು ಒಂದು ಗಂಟಿಗೆ ಸೋಲುವುದೇ ಎಂದು ಅವಳ ಕಣ್ಣು ತುಂಬಿತು.

“ಬಾ ಇಲ್ಲಿ,” ಎಂದರು ಚೆಲುವಮ್ಮಜ್ಜಿ.

ಅವಳ ಸೊಂಟ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಹಸು ಕರುವಿನ ಹಗ್ಗ ಬಿಚ್ಚಿ ಪಳಗಿದ ಉಗುರುಗಳಿಂದ ಗಂಟನ್ನು ಮೀಟಿ ಮೀಟಿ, ಗೊಣಗುತ್ತ, ಕೊನೆಗೆ ಬಿಚ್ಚಿ ಗೊಂಚಲನ್ನು ಅವಳ ಅಂಗೈಗೆ ಹಾಕಿದರು. ಹೊರಗೆ ಮಳೆ ಕೊಂಚ ತಗ್ಗಿತ್ತು, ಕೂಗುವ ಅಗತ್ಯ ಇರಲಿಲ್ಲ. ಮೀನಾಕ್ಷಮ್ಮ ಅಂಜುಮಳ ಕಡೆ ತಿರುಗಿ ನಾಟಕದ ಕೊನೆಯ ಮಾತನ್ನು ಮೆಲ್ಲಗೆ ಹೇಳಿದಳು.

“ಇದನ್ನ ನನ್ನ ಕೈಗೆ ಯಾರೂ ಇಡಲಿಲ್ಲ ಮಗಳೇ. ಸತ್ತ ಅತ್ತೆಯ ಸೊಂಟದಿಂದ ನಾನೇ ಬಿಚ್ಚಿಕೊಂಡೆ. ಕೊಡೋದು ಹೇಗೆ ಅಂತ ಯಾರಾದರೂ ತೋರಿಸಿದ್ದರಲ್ಲವೇ ನನಗೆ ಗೊತ್ತಾಗೋದು?”

ಅಂಜುಮ್ ಗೊಂಚಲು ತೆಗೆದುಕೊಂಡಳು. ಚಪ್ಪಾಳೆ ಬೀಳಲಿಲ್ಲ, ಒಬ್ಬ ತಾಯಿ ಸೆರಗಿನಿಂದ ಮೂಗೊರೆಸಿಕೊಂಡಳು. ಬಾಗಿಲಲ್ಲಿ ನೆನೆದು ತೊಪ್ಪೆಯಾಗಿ ನಿಂತಿದ್ದ ಚಲುವಯ್ಯ ತಾನೇ ಬರೆದ ಮಾತಿಗೆ ತಾನೇ ಅಳುತ್ತಿದ್ದ. ಅದೇ ಹೊತ್ತಿಗೆ ಬಾಬಾಜಾನ್ ಮೊಬೈಲು ಹಿಡಿದು ಒಳಗೆ ಬಂದು, ಎಂಬತ್ತು ಸೆಂಟ್ ಎಂದು ಕೂಗಲು ಹೋಗಿ, ಎಲ್ಲರ ಮುಖ ನೋಡಿ ಬಾಯಿ ಮುಚ್ಚಿಕೊಂಡರು.

ಮೀನಾಕ್ಷಮ್ಮ ಅಜ್ಜಿಯ ಮುಖವನ್ನೇ ನೋಡುತ್ತ ನಿಂತಿದ್ದಳು, ಮೂಟೆಗಳ ಹಿಂದೆ ಪ್ರಜ್ವಲ್‌ನೂ ಹಾಗೇ ನಿಂತಿದ್ದ. ಕೊನೆಗೆ ಅಜ್ಜಿ ಊರುಗೋಲು ಹುಡುಕಿ ಎದ್ದು, ಒಂದು ಕೈಯಲ್ಲಿ ಮೊಮ್ಮಗಳನ್ನು ಹಿಡಿದುಕೊಂಡು ಮೀನಾಕ್ಷಮ್ಮನ ಎದುರಿಗೆ ಬಂದರು.

“ಚೆನ್ನಾಗೈತೆ ಕಣವ್ವ. ಆದ್ರೆ ಒಂದ್ ಮಾತು. ನಮ್ಮುಡ್ಗಿ ನಿಮ್ಮನೇಗೆ ಬಂದ್ ದಿನಾನೇ ಈ ಸೀನ್ ಆಡ್ಬುಡ್ಬೇಕು. ಮೊದಲಿನ ಎರಡು ಅಂಕ ನಾವು ನೋಡಾಗೈತೆ.”