ಮಾಯಮ್ಮ ಸತ್ತ ಜಾಗ

ಮಾಯಮ್ಮ ಸತ್ತು ಮೂರು ವರ್ಷವಾಗಿತ್ತು. ಸರ್ಕಾರಕ್ಕೆ ಮಾತ್ರ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ತಿಥಿಯ ದಿನ ಊರಿಗೆ ಊರೇ ಬಂದು ಉಂಡು ಕೈ ತೊಳೆದುಕೊಂಡು ಹೋಗಿತ್ತು. ಹಿರಿಮಗ ಬೋರಲಿಂಗಯ್ಯ ತಲೆ ಬೋಳಿಸಿಕೊಂಡು, ಆ ಬೋಳುತಲೆಯಲ್ಲೇ ಫ್ಲೆಕ್ಸಿಗೆ ಫೋಟೋ ತೆಗೆಸಿಕೊಂಡು, ಅವ್ವನ ಪಟಕ್ಕಿಂತ ತನ್ನ ಪಟವನ್ನು ಒಂದು ಗೇಣು ದೊಡ್ಡದಾಗಿ ಹಾಕಿಸಿ ಕೈಲಾಂಚದ ಬಸ್ ಸ್ಟಾಪಿನಲ್ಲಿ ಕಟ್ಟಿಸಿದ್ದ. ಇಷ್ಟೆಲ್ಲ ಮಾಡಿದವನಿಗೆ ಸಾವು ಬರೆಸುವುದೊಂದು ನೆನಪಾಗಲಿಲ್ಲ. ನೆನಪಾಗಲಿಲ್ಲವೋ ಬೇಕಾಗಲಿಲ್ಲವೋ, ಅದು ಗಂಗಲಕ್ಷ್ಮಮ್ಮನಿಗೆ ತಡವಾಗಿ ತಿಳಿಯಿತು.

ಗಂಗಲಕ್ಷ್ಮಮ್ಮ ಅವನ ತಂಗಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಅವ್ವನ ಜೊತೆಗಿದ್ದು, ಅವ್ವನ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ದು ರೇಷ್ಮೆ ಹುಳ ಸಾಕಿಕೊಂಡು, ಒಂದು ಹಸು ಕಟ್ಟಿಕೊಂಡು ಬದುಕಿದವಳು. ಆ ತೋಟ ಅಪ್ಪನ ಮನೆತನದ್ದಲ್ಲ. ಮಾಯಮ್ಮನಿಗೆ ಅವಳ ಅಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಪಹಣಿಯಲ್ಲಿ ಇಂದಿಗೂ ಅವಳದೇ ಹೆಸರು.

ಆ ವರ್ಷ ಯುಗಾದಿ ಕಳೆದ ಮೇಲೆ ಬೋರಲಿಂಗಯ್ಯ ಮಗ ಕೆಂಪರಾಜುವನ್ನು ಕರೆದುಕೊಂಡು ತೋಟಕ್ಕೆ ಬಂದು ಟೇಪು ಹಿಡಿಸಿದ. ಕೋಳಿ ಫಾರಮ್ಮಿಗಂತೆ. ನೇರಳೆ ಗಿಡದ ಬುಡವನ್ನು ಚಪ್ಪಲಿ ಕಾಲಲ್ಲಿ ಒತ್ತಿ, "ಇವ್ನೆಲ್ಲ ಜೆಸಿಬಿ ಒಂದೇ ಗಳಿಗೇಲಿ ಎತ್ತಾಕ್ತದೆ" ಅಂದ.

"ನನ್ ಹುಳ ಏನ್ ತಿನ್ಬೇಕು ಅಣ್ಣಯ್ಯ?" ಗಂಗಲಕ್ಷ್ಮಮ್ಮ ಕೇಳಿದಳು.

"ನಿನ್ ಹುಳ ತಿನ್ನಾದ ನನ್ ಯಾಕ್ ಕೇಳೀಯೆ?"

"ಅವ್ವನ ಆಸ್ತೀಲಿ ನಂಗೂ ಭಾಗ ಐತೆ."

"ಅವ್ವನ ಹೆಸರಲ್ಲೈತೆ. ಅವ್ವ ಇರೋ ಗಂಟ ಹಿರಿಮಗ ನೋಡ್ಕೋತಾನೆ."

"ಅವ್ವ ಸತ್ತು ಮೂರು ವರ್ಷ ಆಯ್ತು."

"ಕಾಗದ ಐತಾ?" ಅಂದ ಬೋರಲಿಂಗಯ್ಯ. ಅವನ ಮಗ ನಕ್ಕ. ಅಜ್ಜಿಯ ತೊಡೆಯ ಮೇಲೆ ಬೆಳೆದ ಹುಡುಗ ನಕ್ಕದ್ದನ್ನು ನೋಡಿ ಗಂಗಲಕ್ಷ್ಮಮ್ಮನಿಗೆ ಸಿಟ್ಟೂ ಬರಲಿಲ್ಲ. ಕಾಲಿಗೆ ಅಂಟಿದ ಸಗಣಿಯನ್ನು ಕಂಡ ಹಾಗೆ ಕಂಡು, ಕುಕ್ಕೆ ಎತ್ತಿಕೊಂಡು ಹೊರಟಳು.

ಮಾರನೆಯ ದಿನದಿಂದ ಅವಳ ಓಡಾಟ ಶುರುವಾಯಿತು. ಪಂಚಾಯಿತಿಯಲ್ಲಿ ನೋಡಿದರು, ಮಾಯಮ್ಮ ಸತ್ತಿರಲಿಲ್ಲ. ರಾಮನಗರದ ತಾಲ್ಲೂಕು ಕಚೇರಿಯಲ್ಲಿ ನೋಡಿದರು, ಅಲ್ಲೂ ಸತ್ತಿರಲಿಲ್ಲ. ಬೆಂಗಳೂರಿನಲ್ಲಿ ಅವ್ವನನ್ನು ಸೇರಿಸಿದ್ದ ಆಸ್ಪತ್ರೆಗೆ ಹೋದರೆ, ಗಾಜಿನ ಹಿಂದೆ ಕೂತ ಹುಡುಗಿ ಕಂಪ್ಯೂಟರು ನೋಡಿ, "ನಮ್ಮಲ್ಲಿಂದ ಜೀವಂತವಾಗಿ ಡಿಸ್ಚಾರ್ಜ್ ಆಗಿದ್ದಾರೆ" ಅಂದಳು, ಅಷ್ಟು ಒಳ್ಳೆಯ ಸುದ್ದಿ ಕೊಟ್ಟದ್ದಕ್ಕೆ ಕೈ ಮುಗಿಯಬೇಕೇನೋ ಎನ್ನುವ ಹಾಗೆ.

ಅವ್ವ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಕಥೆಯಲ್ಲಿ ಒಬ್ಬ ರಾಕ್ಷಸನಿದ್ದ. ಅವನನ್ನು ಎಷ್ಟು ಕಡಿದರೂ ಸಾಯುವುದಿಲ್ಲ, ಏಕೆಂದರೆ ಅವನ ಪ್ರಾಣ ಅವನಲ್ಲಿಲ್ಲ. ಏಳು ಕಡಲಾಚೆ, ಒಂದು ಮರದ ಪೊಟರೆಯಲ್ಲಿ, ಒಂದು ಗಿಳಿಯ ಕತ್ತಿನಲ್ಲಿ. ಕಥೆ ಕೇಳುವಾಗ ಮಕ್ಕಳು ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಅವ್ವನೂ ನಿಲ್ಲಿಸಿಬಿಡುತ್ತಿದ್ದಳು. ಕಚೇರಿಯ ಮೆಟ್ಟಿಲು ಇಳಿಯುವಾಗ ಗಂಗಲಕ್ಷ್ಮಮ್ಮನಿಗೆ ಅನ್ನಿಸಿತು: ಅವ್ವನ ಪ್ರಾಣ ಎಲ್ಲಿ ಹೋಯಿತೆಂದು ಈ ಇಡೀ ಲೋಕದಲ್ಲಿ ಬಲ್ಲವರು ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬ, ತಿನ್ನುತ್ತಿದ್ದವನು.

ನಡೆದದ್ದು ಇಷ್ಟು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಕೈಬಿಟ್ಟ ಸಂಜೆ, ಬೋರಲಿಂಗಯ್ಯ ತನ್ನ ಕಾರಿನಲ್ಲೇ ಅವ್ವನನ್ನು ಹೊರಡಿಸಿದ. ಹಿಂದಿನ ಸೀಟಿನಲ್ಲಿ ಅವ್ವ ಮಲಗಿದ್ದಳು, ತಲೆ ಮಗಳ ತೊಡೆಯ ಮೇಲೆ. ಬಿಡದಿ ಬಂತು. ಬಿಡದಿ ಬಂದರೆ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋದವನಲ್ಲ ಬೋರಲಿಂಗಯ್ಯ. ಅವ್ವನ ಉಸಿರು ಗೊರಗೊರ ಅನ್ನುತ್ತಿರುವಾಗಲೂ ಹೋಗಲಿಲ್ಲ. ಹೋಟೆಲಿನ ಮುಂದೆ ಕಾರು ನಿಲ್ಲಿಸಿ, "ಒಸಿ ಕುಂತಿರು, ಬೆಳಗ್ಗಿಂದ ಹೊಟ್ಟೇಲಿ ಏನಿಲ್ಲ" ಎಂದು ಇಳಿದ. ಗಾಜಿನಾಚೆ ಅವನು ಬೆಣ್ಣೆ ಹಾಕಿಸಿಕೊಳ್ಳುವುದು, ಚಟ್ನಿಗೆ ಮತ್ತೆ ಕೈ ಮಾಡುವುದು ಕಾಣುತ್ತಿತ್ತು. ಅವ್ವ ಕಣ್ಣು ತೆರೆದಳು, "ಮನೆ ಬಂತಾ?" ಅಂದಳು. ಮಗಳು, "ಬಂತು ಕಣವ್ವ" ಅಂದಳು. ಅಷ್ಟೇ. ಉಸಿರು ಆಚೆ ಹೋದದ್ದು ಮತ್ತೆ ಒಳಗೆ ಬರಲಿಲ್ಲ.

ಬೋರಲಿಂಗಯ್ಯ ಹಲ್ಲಿಗೆ ಕಡ್ಡಿ ಹಾಕಿಕೊಂಡು ಬಂದ. ವಿಷಯ ತಿಳಿದು ಸೀಟಿನಲ್ಲಿ ಕೂತವನು ಮೊದಲು ಆಡಿದ ಮಾತು, "ಊರಲ್ಲಿ ಬಾಯಿ ಬುಟ್ಟೀಯೆ ಮತ್ತೆ."

ಊರಾಚೆ ಸತ್ತ ಹೆಣವನ್ನು ಎಲ್ಲೆಯೊಳಗೆ ತರುವಂತಿಲ್ಲ, ತಂದರೆ ಕೇಡು. ಅವ್ವನನ್ನು ಊರ ಬಾಗಿಲಲ್ಲೇ ಇಳಿಸಿ, ಹೊರಗಿನಿಂದ ಹೊರಗೇ ಮಣ್ಣು ಮಾಡಬೇಕಿತ್ತು. ಮಗಳಿಗೂ ಅದು ಬೇಡವಾಗಿತ್ತು. ಬಾಯಿ ಮುಚ್ಚಿಕೊಂಡಳು. ಕಂಬಳಿಯನ್ನು ಅವ್ವನ ಗದ್ದದವರೆಗೆ ಹೊದಿಸಿದರು. ಊರು ಬಂದಾಗ ಬೋರಲಿಂಗಯ್ಯ ತಲೆ ಆಚೆ ಹಾಕಿ, "ಇನ್ನೂ ಜೀವ ಐತೆ, ದಾರಿ ಬುಡಿ" ಎಂದು ಕೂಗಿಕೊಂಡೇ ಬಂದ. ನಡುಮನೆಯಲ್ಲಿ ಮಲಗಿಸಿ, ಹತ್ತು ಜನರ ಎದುರು ಬಾಯಿಗೆ ಹಾಲು ಬಿಟ್ಟ. ಹಾಲು ಕೆನ್ನೆಯ ಮೇಲೆ ಇಳಿದು ಗಂಗಲಕ್ಷ್ಮಮ್ಮನ ಸೆರಗನ್ನು ನೆನೆಸಿತು. ಕಂಡವರು ಕಾಣದ ಹಾಗೆ ಮುಖ ತಿರುಗಿಸಿಕೊಂಡರು. ಊರಿಗೂ ಅಷ್ಟೇ ಬೇಕಿತ್ತು.

ಆದರೆ ಬೋರಲಿಂಗಯ್ಯನಿಗೆ ಅಷ್ಟು ಸಾಲಲಿಲ್ಲ. ಡೈರಿಯ ಅಧ್ಯಕ್ಷನಾದ ಮೇಲಂತೂ ಆ ಹಾಲಿನ ಕಥೆಗೆ ಕೈಕಾಲು ಮೂಡಿದವು. ಮೊದಲ ವರ್ಷ ಅವ್ವ ಒಂದು ಗುಟುಕು ಕುಡಿದಿದ್ದಳು. ಎರಡನೆಯ ವರ್ಷ ಲೋಟದ ತುಂಬ ಕುಡಿದು ಬಾಯಿ ಒರೆಸಿಕೊಂಡಳು. ಮೂರನೆಯ ವರ್ಷ ಎದ್ದು ಕೂತು, ಮಗನ ತಲೆಯ ಮೇಲೆ ಕೈಯಿಟ್ಟು, "ನಿನ್ನಂಥ ಮಗ ಊರಿಗೊಬ್ಬ ಸಾಕು ಕಣಪ್ಪ" ಅಂದಳು. ಇನ್ನೊಂದು ವರ್ಷ ಬಿಟ್ಟರೆ ಅವ್ವ ಎದ್ದು ರಾಗಿ ಬೀಸುತ್ತಾಳೆ ಎಂದು ಗಂಗಲಕ್ಷ್ಮಮ್ಮ ಎಣಿಸಿಕೊಂಡಿದ್ದಳು.

ತಾಲ್ಲೂಕು ಕಚೇರಿಯ ಗುಮಾಸ್ತ ಎಲ್ಲಿ ಸತ್ತರೆಂದು ಕೇಳಿದಾಗ ಅವಳು ಒಂದು ಸಲ ನಿಜವನ್ನು ತುದಿಯಲ್ಲಿ ಮುಟ್ಟಿ ನೋಡಿದಳು. "ಕಾರಲ್ಲಿ ಹೋದ್ರೆ ಎಲ್ಲಿ ಬರೀತೀರಾ ಸಾ?"

"ದಾರಿಯಲ್ಲಿ ಸತ್ತರೆ ಗಾಡಿ ಮೊದಲು ಎಲ್ಲಿ ನಿಲ್ಲುತ್ತೋ ಆ ಜಾಗ."

"ನಿಂತಿದ್ದಾಗಲೇ ಹೋದ್ರೆ?"

ಗುಮಾಸ್ತ ಅವಳನ್ನು ಮೇಲಿಂದ ಕೆಳಗೆ ನೋಡಿ, "ನೋಡಮ್ಮ, ಕಾಲ ಹರಣ ಮಾಡಬೇಡ" ಅಂದ. ಆ ಕಚೇರಿಯಲ್ಲಿ ಕಾಲವನ್ನು ಯಾರು ಹರಣ ಮಾಡುತ್ತಿದ್ದಾರೆಂದು ಅವಳು ಕೇಳಲಿಲ್ಲ. ಎಲ್ಲೂ ದಾಖಲಾಗಿಲ್ಲವೆಂದು ಹಿಂಬರಹ ಬರೆಸಿಕೊಂಡಳು. ವರ್ಷ ದಾಟಿದ ಸಾವಿಗೆ ಎಸಿ ಸಾಹೇಬರ ಆದೇಶ ಬೇಕು. ಆದೇಶಕ್ಕೆ ಊರಲ್ಲಿ ಮಹಜರು ಆಗಬೇಕು. ಮಹಜರಿಗೆ, ಸಾಯುವಾಗ ಎದುರಿಗಿದ್ದವರು ಹೇಳಿಕೆ ಕೊಟ್ಟು ರುಜು ಹಾಕಬೇಕು.

"ಮನೆಯ ಹಿರಿಯರು ಯಾರಾದರೂ ಇದ್ದರೆ ಒಳ್ಳೆಯದು" ಅಂದ ಊರಿನ ಗ್ರಾಮ ಆಡಳಿತ ಅಧಿಕಾರಿ ಸಿದ್ಧಾರ್ಥ. ಹೊಸಬ, ಮಾತಾಡುವಾಗಲೂ ಫೋನಿನಿಂದ ಕಣ್ಣು ಎತ್ತುತ್ತಿರಲಿಲ್ಲ. "ನೀವೊಬ್ಬರೇ ಹೇಳಿದರೆ ಆಮೇಲೆ ತಕರಾರು ಬರುತ್ತೆ."

ಅವಳು ಅಣ್ಣನ ಮನೆಗೆ ಹೋಗಿ ಕೇಳಿದಳು. ಬೋರಲಿಂಗಯ್ಯ ಎದೆಯ ಮೇಲೆ ಕೈಯಿಟ್ಟುಕೊಂಡ.

"ಹೆತ್ತವ್ವನ್ನ ಕಾಗದದ ಮೇಲೂ ಸಾಯಿಸು ಅಂತೀಯಲ್ಲಮ್ಮಿ. ನನ್ ಕೈ ಬರಾಕಿಲ್ಲ. ನನ್ ಪಾಲಿಗೆ ಅವ್ವ ಇವತ್ತೂ ಬದುಕೇ ಅವ್ಳೆ."

"ಅವ್ಳಾ? ಹಂಗಾದ್ರೆ ಒಸಿ ಕರಿ, ತೋಟ ಯಾರ್ಗೆ ಅಂತ ಕೇಳಾನ."

"ನಾಲಿಗೆ ಬಿಗಿ ಹಿಡಿ."

ಹಿಡಿದಳು. ಇಂಥವನ ಮೇಲೆ ಮಾತು ಖರ್ಚು ಮಾಡುವುದಕ್ಕಿಂತ ಹುಳುವಿಗೆ ಸೊಪ್ಪು ಹಾಕುವುದು ಮೇಲು ಅನ್ನಿಸಿತು. ಸೊಪ್ಪು ಹಾಕುತ್ತ ಕೂತವಳಿಗೆ ಗಿಳಿ ನೆನಪಾಯಿತು. ಅಣ್ಣನ ಪ್ರಾಣ ಎಲ್ಲಿದೆ? ಎದೆಯ ಮೇಲೆ ಕೈ ಇಟ್ಟುಕೊಂಡನಲ್ಲ, ಅಲ್ಲಂತೂ ಇಲ್ಲ. ಡೈರಿಯ ಮುಂದಿನ ಜಗಲಿಯಲ್ಲಿದೆ, ಸಂಜೆ ಹಾಲು ಹಾಕುವ ಹೊತ್ತಿನಲ್ಲಿ.

ಸಿದ್ಧಾರ್ಥನಿಗೆ, "ಸಂಜೆ ಡೈರಿ ತಾವ್ಕೆ ಬನ್ನಿ ಸಾ, ಸಾಕ್ಷಿ ಹಾಕಾಕೆ ಜನ ಸಿಗ್ತಾರೆ" ಅಂದಳು.

ಅವನು ಬಂದಾಗ ಕ್ಯಾನುಗಳ ಸಾಲು ರಸ್ತೆಯವರೆಗೆ ಬೆಳೆದಿತ್ತು. ಬೋರಲಿಂಗಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಒಳಗೆ ಹಾಲು ಅಳೆಯುವ ದೇವರಾಜು, ಡಿಗ್ರಿ ನೋಡುತ್ತ ಒಬ್ಬೊಬ್ಬರ ಹಾಲಿಗೂ ಒಂದೊಂದು ಮಾತು ಎಸೆಯುತ್ತಿದ್ದ. "ಏನ್ಲಾ, ನಿಮ್ ಹಸ ಹೊಳೇಲಿ ನಿಂತ್ಕೊಂಡು ಕರೀತದಾ?"

ಸಿದ್ಧಾರ್ಥ ಕಾಗದ ತೆಗೆದ. "ಮಾಯಮ್ಮ ಕೋಂ ಲೇಟ್ ಚಿಕ್ಕಬೋರಯ್ಯ. ಇವರು ಯಾವಾಗ, ಎಲ್ಲಿ ತೀರಿಕೊಂಡರು? ಯಾರಿದ್ದರು ಜೊತೆಗೆ?"

ಬೋರಲಿಂಗಯ್ಯನ ಕಣ್ಣು ತಂಗಿಯ ಮೇಲೆ ಹೋಯಿತು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ನಂಗೆ ಆ ದುಃಖದಲ್ಲಿ ಗ್ಯಾನವೇ ಇರ್ಲಿಲ್ಲ ಸಾ. ಹಾಲು ಬುಟ್ಟಿದ್ದು ಅಣ್ಣಯ್ಯ. ಅಣ್ಣಯ್ಯ ಹೆಂಗ್ ಹೇಳ್ತಾರೋ ಹಂಗೆ."

"ಅದೆಲ್ಲ ಈಗ್ಯಾಕೆ" ಎಂದ ಬೋರಲಿಂಗಯ್ಯ. "ಇನ್ನೊಂದಿನ ಕಚೇರಿಗೇ ಬತ್ತೀನಿ ಬುಡಿ."

"ಹೇಳ್ಬುಡಿ ಅಧ್ಯಕ್ಷರೇ" ಅಂದ ದೇವರಾಜು ಒಳಗಿನಿಂದ. "ನಾವು ಕೇಳಿ ಕೇಳಿ ಬಾಯಿಪಾಠ ಆಗೈತೆ. ಪಾಪ, ಸಾಹೇಬ್ರು ಕೇಳಿಲ್ಲ." ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಇಲ್ಲಾ, ಹಾಲ ಬುಟ್ಟೋರು ಬೇರೆ ಯಾರಾರಾ? ನಾನೇ ಬುಟ್ಟೆ ಅಂತ ಬರೆಸ್ಲಾ? ಹೆಂಗೂ ನನ್ ಕಸುಬು ಹಾಲಿಂದೇಯ."

ಈ ಸಲ ಸಾಲೇ ನಕ್ಕಿತು. ಬೋರಲಿಂಗಯ್ಯನ ಕಿವಿ ಕೆಂಪಾಯಿತು. ಮಗನ ಕೋಳಿ ಫಾರಮ್ಮು ಒಂದು ಕಡೆ, ಇಷ್ಟು ಜನರ ಎದುರು ದೇವರಾಜುವಿನ ಕೈಗೆ ಹೋಗುತ್ತಿರುವ ಅವ್ವನ ಹಾಲಿನ ಲೋಟ ಇನ್ನೊಂದು ಕಡೆ. ಗಂಗಲಕ್ಷ್ಮಮ್ಮ ನೆಲ ನೋಡುತ್ತ ನಿಂತಿದ್ದಳು. ಬಹಳ ಹೊತ್ತೇನೂ ಕಾಯಬೇಕಾಗಲಿಲ್ಲ.

"ಬರ್ಕೊಳ್ರೀ" ಅಂದ ಬೋರಲಿಂಗಯ್ಯ, ಕುರ್ಚಿಯಿಂದ ಏಳುತ್ತ. "ಭೀಮನ ಅಮಾವಾಸ್ಯೆ ಆದ ಶುಕ್ರವಾರ. ದೀಪ ಹಚ್ಚೋ ಹೊತ್ತು. ನಮ್ ನಡುಮನೇಲಿ, ಮೂಡಲ ದಿಕ್ಕಿಗೆ ತಲೆ. ನಾನು ಬೆಳ್ಳಿ ಲೋಟದಲ್ಲಿ ಹಾಲು ತಂದೆ."

ಬೆಳ್ಳಿ ಲೋಟ ಹೊಸದು. ಗಂಗಲಕ್ಷ್ಮಮ್ಮ ಅದನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು. ಅಂದು ತಂದದ್ದು ಕಿವಿ ಮುರಿದ ಪ್ಲಾಸ್ಟಿಕ್ ಕಪ್ಪು.

ಅವನು ಹೇಳುತ್ತ ಹೋದ. ಅವ್ವ ಎದ್ದು ಕೂತಳು, ಕುಡಿದಳು, ಹರಸಿದಳು. ಹೇಳುತ್ತ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಅದನ್ನು ಕಂಡು ಅವಳಿಗೆ ಅನ್ನಿಸಿತು: ಸುಳ್ಳು ಹೇಳುವವನನ್ನು ಹೇಗೋ ಸಹಿಸಬಹುದು, ತನ್ನ ಸುಳ್ಳಿಗೆ ತಾನೇ ಅಳುವವನನ್ನು ಸಹಿಸುವುದು ಹೇಗೆ? ಸಿದ್ಧಾರ್ಥ, "ಸಾಕು, ದಿನ, ಹೊತ್ತು, ಜಾಗ ಸಾಕು" ಎಂದು ಬರೆದುಕೊಂಡು ಕಾಗದ ಚಾಚಿದ. ಬೋರಲಿಂಗಯ್ಯ ಅಧ್ಯಕ್ಷನ ಹಸಿರು ಪೆನ್ನಿನಲ್ಲಿ ದೊಡ್ಡದಾಗಿ ರುಜು ಹಾಕಿದ. ಕೆಳಗೆ ದೇವರಾಜು, ಸಾಲಿನಲ್ಲಿದ್ದ ಇಬ್ಬರು.

ಎಸಿ ಕಚೇರಿಯಿಂದ ಆದೇಶ ಬಂದು, ಮರಣ ಪತ್ರ ಕೈ ಸೇರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಅವಳು ಆ ದಿನವೇ ತೋಟವನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ ಕೊಟ್ಟಳು. ಮಕ್ಕಳಿಬ್ಬರ ಹೆಸರೂ ಸೇರಿಸುವ ನೋಟಿಸು ಕೈಗೆ ಬಂದ ದಿನ ಬೋರಲಿಂಗಯ್ಯ ಹುಳುಮನೆಯ ಬಾಗಿಲಿಗೆ ಬಂದು ನಿಂತ.

"ಮೋಸ ಮಾಡ್ಬುಟ್ಟೆ ನೀನು."

"ನಾನೇನ್ ಹೇಳ್ದೆ? ಹೇಳಿದ್ದೂ ನೀನೇ, ಬರೆಸಿದ್ದೂ ನೀನೇ."

"ತಕರಾರು ಹಾಕ್ತೀನಿ. ಅವ್ವ ಮನೇಲಿ ಸಾಯ್ಲಿಲ್ಲ, ಬಿಡದೀಲಿ ಸತ್ಲು, ಆ ಕಾಗದವೇ ಸುಳ್ಳು ಅಂತೀನಿ."

"ಹೇಳು." ಅವಳು ಸೊಪ್ಪು ಹರಡುವುದನ್ನು ನಿಲ್ಲಿಸಲಿಲ್ಲ. "ಆದ್ರೆ ಕಚೇರೀಲಿ ಬ್ಯಾಡ ಅಣ್ಣಯ್ಯ, ಡೈರಿ ತಾವ ಹೇಳು, ಹಾಲು ಹಾಕೋ ಹೊತ್ಗೆ. ಊರಾಚೆ ಸತ್ತ ಹೆಣವ ಕಂಬಳಿ ಹೊದಿಸಿ ಊರೊಳಕ್ಕೆ ತಂದೆ ಅಂತ ಹೇಳು. ಅವ್ವನ ಉಸ್ರು ಹೋಗೋವಾಗ ನೀನು ಏನ್ ತಿಂತಿದ್ದೆ ಅನ್ನೋದ್ನೂ ಸೇರಿಸ್ಕೊ. ಬೆಣ್ಣೆ ಮರೀಬ್ಯಾಡ."

ಒಳಗೆ ಹುಳುಗಳು ಸರಸರ ಸೊಪ್ಪು ತಿನ್ನುತ್ತಿದ್ದವು. ಬೋರಲಿಂಗಯ್ಯ ಮೆಟ್ಟಿಕೊಂಡಿದ್ದ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಳ್ಳುವವನ ಹಾಗೆ ಕಾಲಾಡಿಸಿ ಹೊರಟುಹೋದ. ಜೆಸಿಬಿ ಬರಲಿಲ್ಲ.

ಅವಳು ಕೈ ಒರೆಸಿಕೊಂಡು, ಗೋಡೆಯ ಗೂಡಿನಲ್ಲಿಟ್ಟಿದ್ದ ಮರಣ ಪತ್ರ ತೆಗೆದು ನೋಡಿದಳು. ಮರಣ ಹೊಂದಿದ ಸ್ಥಳ: ಸ್ವಗೃಹ. ಮೊಹರು ಬಿದ್ದ ಹಸಿ ಸುಳ್ಳು. ಆದರೂ ಮನೆ ಬಂತಾ ಎಂದು ಅವ್ವ ಕೇಳಿದ್ದಕ್ಕೆ ತಾನು "ಬಂತು" ಅಂದಿದ್ದಳಲ್ಲ, ಆ ಮಾತನ್ನೇ ಸರ್ಕಾರವೂ ಬರೆದುಕೊಟ್ಟಿತ್ತು. ಅಣ್ಣನ ಬಾಯಿಂದ ಬಂದ ಮಾತು ಅವ್ವನಿಗೆ ಒದಗಿದ್ದು ಇದೊಂದೇ ಸಲ.

ಈಗಲೂ ಸಂಜೆ ಅವಳು ಹಾಲು ಹಾಕಲು ಹೋದಾಗ, ಯಾರಾದರೂ ಹೊಸಬರು ಸಿಕ್ಕಿದರೆ ಬೋರಲಿಂಗಯ್ಯ ಆ ಕಥೆ ಶುರು ಮಾಡುತ್ತಾನೆ. ಬೆಳ್ಳಿ ಲೋಟಕ್ಕೆ ಈಗ ಬಾದಾಮಿ, ಕೇಸರಿ ಬಿದ್ದಿವೆ. ಹೇಳುವಾಗ ತಂಗಿಯ ಕಡೆ ಒಂದು ಸಲ ಕಣ್ಣು ಹಾಯಿಸುತ್ತಾನೆ. ಅವನಿಗೆ ಆ ಕಥೆ ಬೇಕು. ಅವಳ ನೇರಳೆ ಗಿಡಗಳಿಗೂ ಬೇಕು. ಗಂಗಲಕ್ಷ್ಮಮ್ಮ ಕ್ಯಾನಿನ ಮುಚ್ಚಳ ಹಾಕುತ್ತ, ಮುಖ ಎತ್ತದೆ, ಚಿಕ್ಕಂದಿನಲ್ಲಿ ರಾಕ್ಷಸನ ಕಥೆಗೆ ಅನ್ನುತ್ತಿದ್ದ ಹಾಗೆ ಅನ್ನುತ್ತಾಳೆ:

"ಹೂಂ."